ಅಂಜಿಕೆ ಇದ್ದವನೇ ಬೇಕು

ಹೊಸಪೇಟೆಯ ರೇಣುಕಾದೇವಿ ಕಟ್ಟಡಗಳಿಗೆ ಬಣ್ಣ ಹೊಡೆಸುವ ಸಣ್ಣ ಗುತ್ತಿಗೆದಾರಳು. ಕಳೆದ ವರ್ಷ, ಎತ್ತರದ ಕೆಲಸ ಗೊತ್ತೆಂದು ಸುಳ್ಳು ಹೇಳಿ ಸೇರಿದವನೊಬ್ಬ ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡ. ಅಂದಿನಿಂದ ಹೊಸಬರನ್ನು ಸೇರಿಸಿಕೊಳ್ಳುವುದೆಂದರೆ ಅವಳ ಎದೆ ಹೊಡೆದುಕೊಳ್ಳುತ್ತದೆ.

ಮೊನ್ನೆ ಕೆಲಸ ಕೇಳಿಕೊಂಡು ಇಬ್ಬರು ಬಂದರು.

“ಮ್ಯಾಲೆ ಹತ್ತಿದ್ರ ಅಂಜಿಕಿ ಆಗ್ತತೇನು?” ಎಂದು ಕೇಳಿದಳು.

ಗಾದಿಗನೂರಿನ ಪಂಪೇಶ್ ನಕ್ಕ. “ಅಂಜಿಕಿ ಅಂದ್ರ ಏನಂತ್ಲೇ ಗೊತ್ತಿಲ್ರಿ ಅಕ್ಕಾ.”

ಅವಳು ಅವನನ್ನು ಅಲ್ಲಿಂದಲೇ ಕಳಿಸಿಬಿಟ್ಟಳು.

ಬಂಡ್ರಿಯ ದುರುಗೇಶ್ ತಲೆ ತಗ್ಗಿಸಿದ. “ಆಗ್ತತ್ರಿ. ಭಾಳ ಎತ್ರ ಹೋದ್ರ ಕಾಲು ನಡುಗ್ತಾವು. ಹಗ್ಗ ಬಿಗಿ ಐತೇನಂತ ಮತ್ತ ಮತ್ತ ನೋಡ್ಕಂತೀನಿ. ಕೆಲ್ಸ ಕೊಡಂಗಿಲ್ಲೇನ್ರಿ?”

“ನಾಳಿಂದ್ಲೇ ಬಾ” ಎಂದಳು.

ಮರುದಿನ ಅವಳು ಇನ್ನೊಂದು ಕಟ್ಟಡದ ಕೆಲಸ ನೋಡಲು ಕಂಪ್ಲಿಗೆ ಹೋಗಬೇಕಿತ್ತು. ಆದರೆ ದುರುಗೇಶ್ ಸಾರುವೆ ಹತ್ತಿದ ಮೇಲೆ ಅವಳಿಗೆ ಅಲ್ಲಿಂದ ಕದಲಲು ಆಗಲಿಲ್ಲ. ಬಿಸಿಲಲ್ಲಿ ಕತ್ತೆತ್ತಿ ನಿಂತೇ ಇದ್ದಳು. ಕೊನೆಗೆ ಅವನೇ ಮೇಲಿನಿಂದ ಕೂಗಿದ: “ಅಕ್ಕಾ, ನೀವು ಹಂಗ ನೋಡಿದ್ರ ನಂಗ ಇನ್ನೂ ಅಂಜಿಕಿ ಆಗ್ತತ್ರಿ! ಹೋಗ್ರಿ!”

ಉಳಿದ ಕೆಲಸಗಾರರೆಲ್ಲ ನಕ್ಕರು. ಅವಳೂ ನಕ್ಕು ಸ್ಕೂಟರ್ ಹತ್ತಿದಳು. ಆದರೂ ಕಂಪ್ಲಿ ಮುಟ್ಟುವ ತನಕ ಆಗಾಗ ಗಾಡಿ ನಿಲ್ಲಿಸಿ, ಯಾರಾದರೂ ಫೋನ್ ಮಾಡಿದ್ದಾರೇನೋ ಎಂದು ನೋಡುತ್ತಲೇ ಹೋದಳು. ಯಾರೂ ಮಾಡಿರಲಿಲ್ಲ.