ಓಬಳೇಶನ ಮನೆ ನೋಡಲು ಹೋದ ಕದರಮ್ಮ

ಕ್ಯಾತಗಾನಚೆರ್ಲಿನ ಕದರಮ್ಮನಿಗೆ ಐವತ್ತೆಂಟು ವರ್ಷ. ಗಂಡ ತೀರಿಕೊಂಡಿದ್ದಾನೆ. ಐದು ಎಕರೆ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದ್ದು, ವರ್ಷಕ್ಕೊಮ್ಮೆ ಬಾಡಿಗೆ ಬ್ಯಾಂಕಿಗೆ ಬೀಳುತ್ತದೆ. ನಾಲ್ಕು ವರ್ಷದ ಬಾಡಿಗೆಯಲ್ಲಿ ತಿಂದುಂಡು ಉಳಿಸಿದ್ದು ಮೂರು ಲಕ್ಷ. ಗಂಡನನ್ನು ಬಿಟ್ಟು ಬಂದ ಮಗಳು ಶಶಿರೇಖಾಗೆ ಪಾವಗಡದಲ್ಲಿ ಹೊಲಿಗೆ ಅಂಗಡಿ ಹಾಕಿಕೊಡಬೇಕೆಂದು ಇಟ್ಟದ್ದು. ಆದರೆ ಅಂಗಡಿಗೆ ನಾಲ್ಕು ಲಕ್ಷ ಬೇಕಿತ್ತು. ಇದ್ದದ್ದೂ ಕೈಬಿಟ್ಟರೆ ಹುಡುಗಿ ಮತ್ತೆ ಆ ಗಂಡನ ಮನೆಯ ಹೊಸಿಲು ತುಳಿಯಬೇಕು. ಆ ಮನೆ ಎಂಥದ್ದೆಂದು ನಮ್ಮ ಬೀದಿಗೆಲ್ಲ ಗೊತ್ತು.

ನಾನು ಪಕ್ಕದ ಮನೆಯವನು, ಇಲ್ಲಿನ ಶಾಲೆಯ ಮೇಷ್ಟ್ರು. ಊರಿನ ಫೋನುಗಳಲ್ಲೆಲ್ಲ ಆಗ ಒಬ್ಬನದೇ ದರ್ಬಾರು. ಓಬಳೇಶ ಅಂತ, ದುಡ್ಡು ಎಲ್ಲಿ ಹಾಕಿದರೆ ಬೆಳೆಯುತ್ತದೆಂದು ದಿನಕ್ಕೊಂದು ವಿಡಿಯೋ ಬಿಡುವವನು. ಸೂಟುಬೂಟಿನವರನ್ನು ನಾವು ಅಷ್ಟು ಸುಲಭಕ್ಕೆ ನಂಬುವವರಲ್ಲ. ಇವನೋ, "ಬ್ಯಾಂಕಲ್ಲಿ ಮಡಗಿ ಏನ್ ಮಾಡ್ತೀಯ ಕಣಮ್ಮ, ಅದು ಅಲ್ಲೇ ಕೊಳೀತದೆ" ಎಂದು ನಮ್ಮ ಮಾತನ್ನೇ ಆಡುತ್ತಿದ್ದ. ನಮ್ಮ ಕಡೆಯವನು, ಮೋಸ ಮಾಡಲಾರ ಎಂದು ಊರೇ ತೀರ್ಮಾನಿಸಿತು. ನಾನೂ ಅಷ್ಟೇ. ಅವನು ಹೇಳಿದ ಆಪ್‌ಗೆ ಎಂಬತ್ತು ಸಾವಿರ ಹಾಕಿ, ಹೆಂಡತಿಗೂ ಹೇಳದೆ, ದಿನಾ ಬೆಳೆಯುವ ಅಂಕಿ ನೋಡಿ ಒಳಗೊಳಗೇ ಹಿಗ್ಗುತ್ತಿದ್ದೆ.

ಕದರಮ್ಮ ನನ್ನ ಹತ್ತಿರ ಬಂದು, ಆ ಮೂರು ಲಕ್ಷವನ್ನು ಆಪ್‌ಗೆ ಹಾಕಲಾ ಎಂದು ಕೇಳಿದಳು. "ಧೈರ್ಯವಾಗಿ ಹಾಕು ಕಣಮ್ಮ" ಎಂದೆ.

"ಅವನ ಮನೆ ನೋಡಿದೀರಾ ಮೇಷ್ಟ್ರೇ?"

ನನಗೆ ನಗು ಬಂತು. ಹೆಣ್ಣು ಕೊಡುವ ಮುಂಚೆ ಹುಡುಗನ ಊರಿಗೆ ಸುದ್ದಿಯಿಲ್ಲದೆ ಹೋಗಿ, ಅಂಗಡಿಯಲ್ಲಿ, ನಲ್ಲಿಯ ಹತ್ತಿರ ವಿಚಾರಿಸಿ ಬರುವುದು ನಮ್ಮಲ್ಲಿ ಉಂಟು. "ಅವನೇನು ನಿನ್ನ ಅಳಿಯ ಆಗ್ತಾನಾ?" ಎಂದು ಕಿಚಾಯಿಸಿದೆ.

"ಶಶಿರೇಖನ್ನ ಕೊಡೋವಾಗ ಹೋಗ್ಲಿಲ್ಲ. ಫೋಟೋ ಚೆಂದಾಗೈತೆ ಅಂತ ಕೊಟ್ಬುಟ್ಟೆ" ಎಂದಳು.

ಒಂದು ವಿಡಿಯೋದಲ್ಲಿ ಓಬಳೇಶ ಮದಲೂರು ಕೆರೆ ಏರಿಯ ಮೇಲೆ ನಿಂತು "ನಮ್ಮೂರ ಕೆರೆ" ಎಂದಿದ್ದ. ಅಷ್ಟು ಸಾಕಾಯಿತು. ಭಾನುವಾರ ಆಧಾರ್ ಕಾರ್ಡು ಹಿಡಿದು ಮೊದಲ ಬಸ್ಸಿಗೇ ಹೊರಟಳು. ಪಾವಗಡ, ಶಿರಾ, ಅಲ್ಲಿಂದ ಮದಲೂರು.

ಅಂಗಡಿಯವರು ಮನೆ ತೋರಿಸಿದರು. ಶೀಟಿನ ಮನೆ. ಓಬಳೇಶ ಇರಲಿಲ್ಲ. ಅವನ ತಾಯಿ ಕರಿಬಸಮ್ಮ ಕಡಲೆಕಾಯಿ ಬಿಡಿಸುತ್ತ ಕೂತಿದ್ದಳು. ಕದರಮ್ಮನೂ ಎದುರಿಗೆ ಕೂತು ಬಿಡಿಸತೊಡಗಿದಳು. ಒಂದು ಮೊರ ಮುಗಿಯುವಷ್ಟರಲ್ಲಿ ವಿಷಯವೆಲ್ಲ ಹೊರಬಂತು. ಹುಡುಗ ನಾಟಕದಲ್ಲಿ ಪಾರ್ಟು ಮಾಡುವವನು. ಯಾರೋ ಬರೆದು ಕಳಿಸುತ್ತಾರೆ, ಇವನು ಕ್ಯಾಮೆರಾ ಮುಂದೆ ಹೇಳುತ್ತಾನೆ, ವಿಡಿಯೋಗೆ ಏಳುನೂರು ರೂಪಾಯಿ.

"ನಿನ್ ದುಡ್ಡು ಎಲ್ ಮಡಗವ್ನೆ ಅಕ್ಕಾ?" ಎಂದು ಕದರಮ್ಮ ಕೇಳಿದಳು.

"ನಂದಾ? ಪೋಸ್ಟಾಫೀಸಲ್ಲಿ ಕಣಮ್ಮ. ಫೋನಲ್ಲಿ ಹೇಳೋದ್ನೆಲ್ಲ ನಂಬಬ್ಯಾಡ ಅಂತ ಅವನೇ ಹೇಳವ್ನೆ."

ಸಂಜೆ ಕದರಮ್ಮ ನಮ್ಮ ಜಗಲಿಯಲ್ಲಿ ಕೂತು ಇಷ್ಟನ್ನೂ ಹೇಳಿ, "ನಾನ್ ಹಾಕಾಕಿಲ್ಲ ಬುಡಿ. ಸಣ್ಣ ಮಳಿಗೆ ಆದ್ರೂ ಸೈ, ಇರೋ ದುಡ್ಡಲ್ಲೇ ಅಂಗಡಿ ಹಾಕ್ತೀವಿ" ಎಂದಳು.

ನಾನು ಫೋನು ತೆಗೆದೆ. ಹೂಡಿಕೆಯ ಸಲಹೆ ಕೊಡಲು ನೋಂದಣಿಯಾದವರ ಪಟ್ಟಿ ಷೇರುಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿಯ ವೆಬ್‌ಸೈಟಿನಲ್ಲಿದೆ, ಯಾರು ಬೇಕಾದರೂ ನೋಡಬಹುದು. ಓಬಳೇಶನೂ ಅದರಲ್ಲಿರಲಿಲ್ಲ, ಆಪ್‌ನ ಕಂಪನಿಯೂ ಇರಲಿಲ್ಲ. ಎರಡು ನಿಮಿಷದ ಕೆಲಸ. ಆಕೆ ಆರು ಬಸ್ಸು ಹತ್ತಿ ಇಳಿದಿದ್ದಳು. ಮಕ್ಕಳಿಗೆ ಪಾಠ ಹೇಳುವ ನಾನು ಈ ಎರಡು ನಿಮಿಷ ಖರ್ಚು ಮಾಡಿರಲಿಲ್ಲ. ನಾಚಿಕೆಯಾಯಿತು. ಆಪ್‌ನಲ್ಲಿ ನನ್ನ ಲೆಕ್ಕ ಒಂದು ಲಕ್ಷ ದಾಟಿತ್ತು. ತೆಗೆಯಲು ಹೋದರೆ, ಮೊದಲು ಇಪ್ಪತ್ತು ಸಾವಿರ ಕಟ್ಟಿ ಎಂದಿತು.

ಕದರಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. "ನೀವೆಷ್ಟು ಹಾಕಿದ್ರಿ ಮೇಷ್ಟ್ರೇ?"

ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ.

"ಇನ್ನೊಂದ್ ರೂಪಾಯಿ ಕಟ್ಬ್ಯಾಡಿ. ಬೆಳಿಗ್ಗೆ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡಾನ, ನಾನೂ ಬತ್ತೀನಿ. ಈಗ ಮೊದ್ಲು ಮನೇಲಿ ಹೇಳಿ."

ನಾನು ಎದ್ದೇಳಲಿಲ್ಲ. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಯನ್ನು ಕದರಮ್ಮನೇ ಕೂಗಿ ಕರೆದಳು.