ಮೇಡಂ ಅಳಿಸದೆ ಬಿಟ್ಟ ಹೆಸರು

ಮಧ್ಯಾಹ್ನದ ಹೊತ್ತಿಗೆ ನಮ್ಮ ಮೇಡಂ ಅವರ ಪಾದಗಳು ಊದಿಕೊಂಡುಬಿಡುತ್ತಿದ್ದವು. ಚಪ್ಪಲಿ ಬಿಟ್ಟು, ಮೇಜಿನ ಕೆಳಗಿನ ಯುಪಿಎಸ್ ಡಬ್ಬದ ಮೇಲೆ ಕಾಲಿಟ್ಟುಕೊಂಡೇ ಪಾಠ ಮಾಡುತ್ತಿದ್ದರು. ಮುಳಬಾಗಿಲಿನಲ್ಲಿ ಗೊಬ್ಬರದಂಗಡಿಯ ಮಹಡಿ ಮೇಲಿದ್ದ ಕಂಪ್ಯೂಟರ್ ಸೆಂಟರ್ ಅದು. ರಾಯಲ್ಪಾಡಿನಿಂದ ಬಸ್ಸು ಬದಲಿಸಿಕೊಂಡು ಬರುವಷ್ಟರಲ್ಲೇ ಅವರಿಗೆ ಸುಸ್ತಾಗಿರುತ್ತಿತ್ತು. ಕರೆಂಟ್ ಹೋದರೆ ಮುಖದಲ್ಲಿ ಸಣ್ಣ ಸಮಾಧಾನ ಕಾಣುತ್ತಿತ್ತು.

ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಬಂದವರಿಗೆಲ್ಲ ಅವರ ಮೊದಲ ಪಾಠ ಒಂದೇ: ಕೆಲವೇ ಸಾಲು ಬರೆದು, ಸರ್ವರ್‌ನಲ್ಲಿರುವ ಡೇಟಾಬೇಸ್‌ಗಳ ಹೆಸರನ್ನೆಲ್ಲ ಪರದೆಗೆ ತರಿಸುವುದು. "ಒಳಗೆ ಯಾರ್ಯಾರಿದಾರೆ ಅಂತ ಮೊದ್ಲು ನೋಡ್ಕೊಳ್ಳೇ. ಮಿಕ್ಕಿದ್ದು ಆಮೇಲೆ," ಎನ್ನುತ್ತಿದ್ದರು. ನಮ್ಮ ನಮ್ಮ ಹೆಸರಿನಲ್ಲೇ ಒಂದೊಂದು ಡೇಟಾಬೇಸ್ ಮಾಡಿಕೊಟ್ಟಿದ್ದರು. ನನ್ನದರಲ್ಲಿ ಬೈರಕೂರಿನ ನಮ್ಮ ತೋಟದ ಮಾವಿನ ತಳಿಗಳನ್ನು ತುಂಬಿಸುತ್ತಿದ್ದೆ. ಬಾದಾಮಿ, ರಸಪುರಿ ಮುಗಿದು ತೋತಾಪುರಿಗೆ ಬರುವಷ್ಟರಲ್ಲಿ ಮದುವೆ ಗೊತ್ತಾಯಿತು. ಕೋರ್ಸು ಅರ್ಧಕ್ಕೇ ಬಿಟ್ಟು ಲಕ್ಕೂರಿಗೆ ಹೋದೆ.

ಆ ಮನೆಯಲ್ಲಿ ಬಾಳಲಾಗಲಿಲ್ಲ. ಕೆಲವು ವರ್ಷಕ್ಕೆ ತವರಿಗೇ ವಾಪಸಾದೆ. ನೆರೆಯವರ ಪ್ರಶ್ನೆಗಳಿಗೆ ಹೆದರಿ ಬಾಗಿಲಾಚೆ ಬರುತ್ತಿರಲಿಲ್ಲ. ಅಮ್ಮನ ಒತ್ತಾಯಕ್ಕೆ ಒಂದು ದಿನ ಸೆಂಟರಿನ ಮೆಟ್ಟಿಲು ಹತ್ತಿದೆ. ಮೇಡಂ ನನ್ನ ಬರಿಗತ್ತು ನೋಡಿದರು. "ರಾಮ್ಮಾ, ಕೂಚೋ," ಎಂದು ತೆಲುಗಿನಲ್ಲೇ ಬಂದು ಕೂರಲು ಕರೆದು ಕುರ್ಚಿ ಎಳೆದರು. "ಮೊದಲ್ನೇ ಪಾಠ ನೆನಪಿದ್ಯೇನೇ? ಬರಿ."

ಸೆಮಿಕೋಲನ್ ಬಿಟ್ಟುಹೋಗಿ ತಪ್ಪು ತೋರಿಸಿತು, ತಿದ್ದಿದೆ. ಹೆಸರುಗಳು ಒಂದರ ಕೆಳಗೊಂದು ಬಂದವು. ನನಗೆ ಗುರುತಿಲ್ಲದ ಹೊಸ ಹುಡುಗಿಯರ ನಡುವೆ ನನ್ನ ಹೆಸರೂ ಇತ್ತು.

ಹಿಂದೆ ನಿಂತಿದ್ದ ಸೆಂಟರಿನ ಮಾಲೀಕರು ಗೊಣಗಿದರು: "ಕಂಪ್ಯೂಟರ್ನಲ್ಲಿ ಜಾಗ ಸಾಲ್ತಿಲ್ಲ, ಬಿಟ್ಟೋದೋರ್ದೆಲ್ಲ ತೆಗೀರಿ ಅಂತ ಎಷ್ಟು ಸಲ ಹೇಳೋದು? ಈಯಮ್ಮ ಕೇಳಲ್ಲ."

"ಅದೇನು ನಿಮ್ಮನ್ನ ಅನ್ನ ಕೇಳುತ್ತಾ ಸಾರ್?" ಎಂದರು ಮೇಡಂ, ತಿರುಗಿಯೂ ನೋಡದೆ.

ನನಗೆ ಅಳು ಬಂತು. ಅತ್ತುಕೊಳ್ಳಲಿ ಎಂದು ಮೇಡಂ ಬಿಟ್ಟರು. ಟೀ ತರಿಸಿ, "ನಿನ್ ಮಾವಿನ ಪಟ್ಟಿಗೆ ಮಲ್ಲಿಕಾ, ನೀಲಂ ಇನ್ನೂ ಸೇರ್ಸೇ ಇಲ್ಲ ನೀನು," ಎಂದರು.

ಕೋರ್ಸು ಮುಗಿಸಿದೆ. ಅಲ್ಲೇ ಪಾಠ ಹೇಳುವ ಕೆಲಸವೂ ಸಿಕ್ಕಿತು. ಅಷ್ಟರಲ್ಲಿ ಮೇಡಂ ಕಿಡ್ನಿ ಕೆಟ್ಟು ಕೋಲಾರದ ಆಸ್ಪತ್ರೆ ಸೇರಿದ್ದರು. ನೋಡಲು ಹೋದಾಗ ಕೇಳಿದರು, "ದಿನಾ ಅದೇ ಪಾಠ ಹೇಳೀ ಹೇಳೀ ಬೇಜಾರಾಗಲ್ವೇನೇ?"

"ಆಗುತ್ತೆ ಮೇಡಂ. ನಿಮಗಾಗ್ತಿರ್ಲಿಲ್ವಾ?"

"ಆಗ್ತಿತ್ತು," ಎಂದು ದಿಂಬಿಗೆ ಒರಗಿದರು. "ಹುಡುಗೀರ್ಗೆ ಗೊತ್ತಾಗ್ಬಾರ್ದು, ಅಷ್ಟೆ."

ಅವರು ತೀರಿಕೊಂಡ ಸುದ್ದಿ ಬಂದಾಗ ನನ್ನೆದುರು ಹೊಸ ಬ್ಯಾಚು ಕೂತಿತ್ತು. ಪಾಠ ಮುಗಿಸಿಯೇ ಎದ್ದೆ.