ದೇವದುರ್ಗದಲ್ಲಿಟ್ಟ ಹೆಪ್ಪು

ಸೂಕ್ಷ್ಮದರ್ಶಕದೊಳಗೆ ಇಣುಕಿ ಇಣುಕಿ ಕಾಕಾ ಅವರ ಎಡಗಣ್ಣು ಅರ್ಧ ಮುಚ್ಚಿಯೇ ಉಳಿದಿತ್ತು. ಊಟಕ್ಕೆ ಕೂತಾಗಲೂ ಹಾಗೆಯೇ. ರಾಯಚೂರಿನ ಹೊರಗಿದ್ದ ಬಿಯರ್ ಕಾರ್ಖಾನೆಗೆ ಟ್ಯಾಂಕ್ ತೊಳೆಯುವ ಕೂಲಿಯಾಗಿ ಬಂದು, ಕಲಿತವರ ಬೆನ್ನ ಹಿಂದೆ ನಿಂತು ನೋಡಿ ನೋಡಿ, ಕೊನೆಗೆ ಯೀಸ್ಟ್ ಕೋಣೆಯನ್ನೇ ನೋಡಿಕೊಳ್ಳುವವರಾದರು. ನಾನು ಮಾನ್ವಿಯವಳು. ಬಿಎಸ್ಸಿ ಮುಗಿಸಿ ಅವರ ಕೈಕೆಳಗೆ ಸೇರಿದೆ. ಎಲ್ಲರಂತೆ ನಾನೂ ಅವರನ್ನು ಕಾಕಾ ಎನ್ನುತ್ತಿದ್ದೆ.

ಒಂದು ಹನಿ ಬಿಯರನ್ನೂ ಕುಡಿಯದ ಕಾಕಾ ಯೀಸ್ಟಿಗೆ ‘ಹೆಪ್ಪು’ ಎನ್ನುತ್ತಿದ್ದರು. ಬಿಯರ್ ಹುದುಗಿ ಮುಗಿದ ಮೇಲೆ ಟ್ಯಾಂಕಿನ ತಳದಲ್ಲಿ ಕೂತ ಯೀಸ್ಟನ್ನು ತೆಗೆದು, ತಣ್ಣಗಿಟ್ಟು, ಮುಂದಿನ ಟ್ಯಾಂಕಿಗೆ ಹಾಕುವುದು ನಮ್ಮ ಕೆಲಸ. ಹಾಕುವ ಮೊದಲು ಒಂದು ಹನಿಗೆ ನೀಲಿ ಬಣ್ಣ ಬೆರೆಸಿ ನೋಡಬೇಕು. ಸತ್ತ ಕಣಗಳು ನೀಲಿಯಾಗುತ್ತವೆ, ಜೀವವಿದ್ದವು ಬಣ್ಣ ಹಿಡಿಯುವುದಿಲ್ಲ. ಬೆಳಿಗ್ಗೆ ಬಂದವರೇ ಕಾಕಾ ಟ್ಯಾಂಕಿಗೆ ಅಂಗೈ ಹಚ್ಚಿ, “ಛಲೋ ನಿದ್ದಿ ಆತೇನು?” ಎಂದು ಕೇಳುತ್ತಿದ್ದರು. ನನ್ನನ್ನಲ್ಲ, ಯೀಸ್ಟನ್ನು.

ಮೇ ತಿಂಗಳ ಒಂದು ಭಾನುವಾರ ಹಗಲು ಪಾಳಿಯಲ್ಲಿ ನಾನೊಬ್ಬಳೇ ಇದ್ದೆ. ತಾಸಿಗೊಮ್ಮೆ ಅಂಗಳದಾಚೆಗಿದ್ದ ಯೀಸ್ಟ್ ಟ್ಯಾಂಕಿನ ಉಷ್ಣತೆ ನೋಡಿ ಬರೆಯಬೇಕಿತ್ತು. ಬಿಸಿಲಿಗೆ ಅಂಜಿ ಅಂಗಳ ದಾಟದೆ, ಕೂತಲ್ಲೇ ಮೂರು ಸಲ ‘ಮೂರು ಡಿಗ್ರಿ’ ಎಂದು ಬರೆದೆ. ಸಂಜೆ ಹೋಗಿ ನೋಡಿದರೆ ತಣ್ಣಗಿಡುವ ಯಂತ್ರ ನಿಂತು, ಟ್ಯಾಂಕ್ ಬೆಚ್ಚಗಾಗಿತ್ತು. ರಿಪೇರಿಯವರು ಬಂದು ಅದನ್ನು ನಡೆಸುವಷ್ಟರಲ್ಲಿ ರಾತ್ರಿಯಾಗಿತ್ತು.

ಮರುದಿನ ಕಾಕಾ ನೋಡಿದ ಹನಿಯಲ್ಲಿ ನೀಲಿಯೇ ಹೆಚ್ಚು. ಮ್ಯಾನೇಜರು, “ಎರಡು ಪಟ್ಟು ಹಾಕಿ ಕೆಲಸ ಮುಗಿಸ್ರಿ” ಎಂದರು.

“ಅರ್ಧಕ್ಕಿಂತ ಹೆಚ್ಚು ಸತ್ತಾವ್ರಿ ಸಾಹೇಬ್ರ. ಹಾಕಿದ್ರ ಆ ಟ್ಯಾಂಕೂ ಕೆಡತದ” ಎಂದ ಕಾಕಾ ಅಷ್ಟನ್ನೂ ಮೋರಿಗೆ ಬಿಟ್ಟರು. ಹೊಸದಾಗಿ ಬೆಳೆಸೋಣವೆಂದು ಮೂಲ ಯೀಸ್ಟಿನ ಗಾಜಿನ ನಳಿಕೆಗಳನ್ನು ತೆಗೆದರೆ, ಅವಕ್ಕೆ ಬೂಷ್ಟು ಹಿಡಿದಿತ್ತು.

“ನಡಿಯವ್ವಾ, ದೇವದುರ್ಗಕ್ಕ ಹೋಗೂಣು” ಎಂದರು ಕಾಕಾ. ಇನ್ನೊಂದು ಜೊತೆ ನಳಿಕೆಗಳನ್ನು ಅವರು ಅಲ್ಲಿ ತಮ್ಮ ಮಗಳ ಮನೆಯ ಫ್ರಿಜ್ಜಿನಲ್ಲಿ ಇಟ್ಟಿದ್ದರಂತೆ.

ಬಸ್ಸು ಊರು ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. “ಕಾಕಾ, ನಿನ್ನಿ ನಾ ನೋಡದನ ಬರದೀನ್ರಿ.”

“ಗೊತ್ತದ. ಇಂಥಾ ಬಿಸಿಲಾಗ ಮೂರು ತಾಸು ಒಂದ ಅಂಕಿ ನಿಲ್ಲಂಗಿಲ್ಲ.”

“ಸಾಹೇಬ್ರಿಗೆ ಹೇಳ್ತೀರೇನ್ರಿ?”

“ಮೊದಲ ಹೆಪ್ಪು ಬೆಳಸೂಣು” ಎಂದು ಕಿಟಕಿಯ ಕಡೆ ಮುಖ ತಿರುಗಿಸಿದರು.

ಮಗಳ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಗೂ ಹಸಿಮೆಣಸಿನಕಾಯಿಗೂ ನಡುವೆ ಬಿಸ್ಕತ್ತಿನ ಡಬ್ಬಿಯಿತ್ತು. “ಅಪ್ಪನ ಡಬ್ಬಿ ಯಾರರ ಮುಟ್ಟಿದ್ರ ಮನ್ಯಾಗ ಜಗಳಾನ ನೋಡ್ರಿ” ಎಂದು ಆಕೆ ನಗುತ್ತಾ ನನಗೆ ರೊಟ್ಟಿ ಬಡಿಸಿದರು. ನಳಿಕೆಗಳು ನಿರ್ಮಲವಾಗಿದ್ದವು. ಥರ್ಮಾಸಿನಲ್ಲಿ ಐಸ್ ತುಂಬಿ ಅವನ್ನಿಟ್ಟು, ಮಡಿಲಲ್ಲಿಟ್ಟುಕೊಂಡು ಕಾರ್ಖಾನೆಗೆ ತಂದೆ.

ಅಂದು ಸಂಜೆ ಕಾಕಾ ರಿಜಿಸ್ಟರು ತೆರೆದು ನನ್ನ ಮುಂದಿಟ್ಟರು. ಆ ಮೂರೂ ಅಂಕಿಗಳನ್ನು ಹೊಡೆದುಹಾಕಿ ‘ನೋಡಿಲ್ಲ’ ಎಂದು ಬರೆದು ಸಹಿ ಮಾಡಿದೆ. ಆಮೇಲೆ ಹತ್ತು ದಿನ ಬೆಳೆಸುವ ಕೆಲಸವನ್ನೆಲ್ಲ ನನ್ನ ಕೈಯಿಂದಲೇ ಮಾಡಿಸಿದರು. ಕುದಿಸಿ ಆರಿಸಿದ ಮಾಲ್ಟ್ ರಸಕ್ಕೆ ನಳಿಕೆಯಿಂದ ಸೂಜಿಮೊನೆಯಷ್ಟು ಯೀಸ್ಟು. ಅಲ್ಲಿಂದ ದೊಡ್ಡ ಸೀಸೆಗೆ, ಸೀಸೆಯಿಂದ ಕ್ಯಾನಿಗೆ, ಕ್ಯಾನಿನಿಂದ ಟ್ಯಾಂಕಿಗೆ. ನಾನು ಅವಸರ ಮಾಡಿದಾಗ, “ಸಾವಕಾಶ ಮಾಡವ್ವಾ, ಅದಕ್ಕೇನೂ ಗಡಿಬಿಡಿ ಇಲ್ಲ” ಎನ್ನುತ್ತಿದ್ದರು. ಹತ್ತನೆಯ ದಿನ ಟ್ಯಾಂಕಿನ ತುಂಬ ಬೆಳ್ಳನೆ ನೊರೆ ಎದ್ದಿತು. ಹನಿಯಲ್ಲಿ ನೀಲಿ ಹುಡುಕಿದರೂ ಸಿಗಲಿಲ್ಲ.

ಆ ಪುಟವನ್ನು ಯಾರೂ ಓದಲಿಲ್ಲ. ಕಾಕಾ ಕೂಡ ಮಾತೆತ್ತಲಿಲ್ಲ. ಎರಡು ವರ್ಷದ ಮೇಲೆ ಅವರು ನಿವೃತ್ತರಾದ ದಿನ, ಕೋಣೆಯನ್ನು ಯಾರಿಗೆ ಒಪ್ಪಿಸಲಿ ಎಂದು ಮ್ಯಾನೇಜರು ಕೇಳಿದರು. ಕಾಕಾ ಆ ಹಳೆಯ ಪುಟವನ್ನೇ ತೆಗೆದು ತೋರಿಸಿದರು.

“ಈಕಿ ಒಮ್ಮೆ ಸುಳ್ಳ ಬರದಾಳ್ರಿ. ಯಾರೂ ಕೇಳದನ ತಾನ ಬಂದು ಹೇಳ್ಯಾಳ. ಈಕಿಗೇ ಕೊಡ್ರಿ.”

ಮ್ಯಾನೇಜರು ಪುಟವನ್ನು ಎರಡು ಸಲ ಓದಿ, ಕೀಲಿಕೈಯನ್ನು ನನ್ನತ್ತ ಸರಿಸಿದರು.

ಹೋದ ವರ್ಷ ಕಾಕಾ ದೇವದುರ್ಗದಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿ, ಮರುದಿನ ಪಾಳಿಗೆ ಬಂದೆ. ಅಂಗಳದಲ್ಲಿ ಕಾಲಿಡಲಾಗದಷ್ಟು ಬಿಸಿಲಿತ್ತು. ತಾಸಿಗೊಮ್ಮೆ ದಾಟಿ ಹೋದೆ, ನೋಡಿಯೇ ಬರೆದೆ.